ಅಣೆಕಟ್ಟು ಕಾಣದ ಹೊಳೆಯ ಅಳಿವೆ

ಕುಮಟಾ ತಾಲ್ಲೂಕಿನ ತದಡಿ ಬಂದರಿನ ಎದುರು ದಡದಲ್ಲಿ ಅಘನಾಶಿನಿ ಎಂಬ ಊರಿದೆ. ಎರಡರ ನಡುವೆ ಅದೇ ಹೆಸರಿನ ಹೊಳೆ ಹರಡಿಕೊಂಡು ಅರಬ್ಬಿ ಸಮುದ್ರ ಸೇರುತ್ತದೆ. ಇಳಿತದ ಹೊತ್ತಿಗೆ ಕೆಸರುದಿಣ್ಣೆಗಳು ಮೇಲೆದ್ದರೆ ಸಾಕು, ಹೆಂಗಸರೂ ಗಂಡಸರೂ ಬುಟ್ಟಿ ಹಿಡಿದು ಬಳಚು ಎಂಬ ಚಿಪ್ಪುಜೀವಿಯನ್ನು ಆಯಲು ಇಳಿಯುತ್ತಾರೆ. ಮತ್ತೆ ನೀರೇರುವ ಮೊದಲು ದಡ ಸೇರಬೇಕು. ಇವರ ದುಡಿಮೆಯ ವೇಳೆಯನ್ನು ಗೊತ್ತುಮಾಡುವುದೇ ಉಬ್ಬರ-ಇಳಿತ.

ಶಿರಸಿಯ ಶಂಕರ ಹೊಂಡ ಮತ್ತು ಮಂಜುಗುಣಿಯ ಕಡೆಯಿಂದ ಹೊರಡುವ ತೊರೆಗಳು ಕೂಡಿ ಅಘನಾಶಿನಿಯಾಗುತ್ತವೆ. ಉಂಚಳ್ಳಿಯಲ್ಲಿ 116 ಮೀಟರ್ ಆಳಕ್ಕೆ ಧುಮುಕಿ, ಕಣಿವೆಯ ಕಾಡು ದಾಟಿ, ಸುಮಾರು 120 ಕಿಲೋಮೀಟರ್ ಹರಿಯುವ ಈ ಹೊಳೆಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಹಾಗಾಗಿ ಘಟ್ಟದ ಮೆಕ್ಕಲು, ಕೊಳೆತ ಎಲೆ, ಮಳೆಗಾಲದ ಸಿಹಿನೀರು ಎಲ್ಲವೂ ತಡೆಯಿಲ್ಲದೆ ಅಳಿವೆಗೆ ಬಂದು ಮುಟ್ಟುತ್ತವೆ. ಮಳೆಗಾಲದಲ್ಲಿ ಬಹುಪಾಲು ಸಿಹಿಯಾಗುವ ನೀರು ಬೇಸಿಗೆಗೆ ಉಪ್ಪಾಗುತ್ತದೆ. ಯಾವ ಚಿಪ್ಪುಜೀವಿ ಎಲ್ಲಿ ನೆಲೆಸಬೇಕು, ಯಾವ ಮೀನು ಎಷ್ಟು ಮೇಲಕ್ಕೆ ಬರಬೇಕು ಎನ್ನುವುದು ಈ ಏರಿಳಿತದ ಮೇಲೆ ನಿಂತಿದೆ.

ಅಳಿವೆಯ ಅಂಚಿನ ಮಾಣಿಕಟ್ಟಾದಂಥ ಊರುಗಳ ಗಜನಿ ಎಂಬ ತಗ್ಗಿನ ಉಪ್ಪುನೀರ ಗದ್ದೆಗಳಲ್ಲಿ ರೈತರು ಕಗ್ಗ ಬೆಳೆಯುತ್ತಾರೆ. ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುವ ಈ ಭತ್ತಕ್ಕೆ ಗೊಬ್ಬರವಾಗಲಿ, ಕೀಟನಾಶಕವಾಗಲಿ ಬೇಡ. ಕೊಯ್ಲಿನಲ್ಲಿ ತೆನೆಯಷ್ಟೇ ಮನೆಗೆ ಬರುತ್ತದೆ, ಕೂಳೆ ಗದ್ದೆಯಲ್ಲೇ ಉಳಿಯುತ್ತದೆ. ಆಮೇಲೆ ಒಳಗೆ ಬಿಟ್ಟುಕೊಂಡ ಹೊಳೆಯ ನೀರಿನಲ್ಲಿ ಕೊಳೆಯುವ ಆ ಹುಲ್ಲೇ ಮೀನು, ಸಿಗಡಿಗಳಿಗೆ ಆಹಾರ. ಒಂದೇ ಗದ್ದೆಯಲ್ಲಿ ಅನ್ನವೂ ಮೀನೂ. ಗದ್ದೆಗಳನ್ನು ಕಾಯುವ ಕಟ್ಟೆ ಒಂದು ಕಡೆ ಒಡೆದರೂ ಎಲ್ಲರ ಗದ್ದೆಗೆ ಉಪ್ಪುನೀರು ನುಗ್ಗುವುದರಿಂದ ಅದರ ಕಾವಲು ಊರೊಟ್ಟಿನ ಕೆಲಸ. ಕಟ್ಟೆಯ ಹೊರಗೆ ಬೇರೂರಿದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಅಲೆಯ ಹೊಡೆತವನ್ನು ತಗ್ಗಿಸುತ್ತವೆ, ಮೀನುಮರಿಗಳಿಗೆ ಆಸರೆಯಾಗುತ್ತವೆ.

ಊರವರು ಬದುಕಿ ಕಲಿತಿದ್ದನ್ನು ವಿಜ್ಞಾನಿಗಳು ಅಂಕಿಗಳಲ್ಲಿ ದಾಖಲಿಸಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಇಲ್ಲಿನ ಸಸ್ಯ, ಮೀನು, ಹಕ್ಕಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. 2000ರ ದಶಕದ ಅವರ ಲೆಕ್ಕದಂತೆ ಈ ಅಳಿವೆಯಲ್ಲಿ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿಗಳು ಸಿಗುತ್ತಿದ್ದವು. 2,300ಕ್ಕೂ ಹೆಚ್ಚು ಜನರಿಗೆ ಅದರಿಂದ ಕೆಲಸ, ಮೌಲ್ಯ ಐದೂವರೆ ಕೋಟಿ ರೂಪಾಯಿಗೂ ಮೇಲೆ. ಯಾವ ಬಂಡವಾಳವನ್ನೂ ಬೇಡದೆ ಹೊಳೆ ಕೊಟ್ಟ ದುಡಿಮೆ ಇದು.

ಅದೇ ದಶಕದಲ್ಲಿ ತದಡಿಗೆ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಿತ್ತು. ಮೀನುಗಾರರು, ರೈತರು, ಪರಿಸರ ಕಾರ್ಯಕರ್ತರು ವಿರೋಧಿಸಿದರು. ಯೋಜನೆ ಇಲ್ಲಿ ಕೈಗೂಡಲಿಲ್ಲ. ಬರಡು ಜೌಗು ಎಂದು ಹೊರಗಿನವರು ಕಂಡ ನೆಲ ಎಷ್ಟು ಕುಟುಂಬಗಳನ್ನು ಸಾಕುತ್ತಿದೆ ಎಂದು ತೋರಿಸಲು ಇಂಥ ಅಧ್ಯಯನಗಳು ಬೇಕೇ ಬೇಕು.

2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಜೊತೆಯಲ್ಲೇ ಸೇರಿದವು. ಆಗ ಸರ್ಕಾರ ನೀಡಿದ ವಿವರದಲ್ಲಿ 84ಕ್ಕೂ ಹೆಚ್ಚು ಬಗೆಯ ಮೀನು, 66ಕ್ಕೂ ಹೆಚ್ಚು ಬಗೆಯ ನೀರುಹಕ್ಕಿಗಳ ಉಲ್ಲೇಖವಿದೆ. ಮೀನುಗಾರಿಕೆ, ಬೇಸಾಯ, ಬಳಚು, ಏಡಿ, ಉಪ್ಪು ಇವುಗಳಿಂದ 6,000ದಿಂದ 7,500 ಕುಟುಂಬಗಳು ಬದುಕುತ್ತಿವೆ ಎಂದೂ ಹೇಳಿದೆ.

ಆದರೆ ಅಳಿವೆಯನ್ನು ಕಾಯುವ ಕೆಲಸ ಘಟ್ಟದ ಮೇಲೆಯೇ ಆರಂಭವಾಗಬೇಕು. ಸಿಂಗಳೀಕಗಳ ರಕ್ಷಣೆಗಾಗಿ 2011ರಲ್ಲಿ ಘೋಷಿಸಿದ ಮೀಸಲು ಪ್ರದೇಶ ಕಣಿವೆಯ ಕಾಡನ್ನು ಉಳಿಸುತ್ತಿದೆ. ನದಿ ತಿರುವು ಯೋಜನೆಗಳ ಮಾತು ಬಂದಾಗಲೆಲ್ಲ ಬೇಡ್ತಿ-ಅಘನಾಶಿನಿ ಕೊಳ್ಳ ಸಂರಕ್ಷಣಾ ಸಮಿತಿ ಸ್ವರ್ಣವಲ್ಲಿಯ ಗಂಗಾಧರೇಂದ್ರ ಸರಸ್ವತಿ ಸ್ವಾಮೀಜಿಯವರ ನೇತೃತ್ವದಲ್ಲಿ ಸಮಾವೇಶ ನಡೆಸಿದೆ. ಮೇಲೆ ಸಿಹಿನೀರನ್ನು ತಿರುಗಿಸಿದರೆ ಕೆಳಗೆ ಉಪ್ಪು ಏರುತ್ತದೆ. ಅಡಿಕೆ ತೋಟದವರಿಗೂ ಬಳಚು ಆಯುವವರಿಗೂ ಇದು ಒಂದೇ ಹೊಳೆಯ ಪ್ರಶ್ನೆ.

ಮೇಲಿನ ನೀರಿಗೂ ಅಳಿವೆಗೂ ಇರುವ ಈ ನಂಟು ಬಯಲುಸೀಮೆಗೂ ಉಂಟು: ಸಮುದ್ರದಿಂದ ಬಲುದೂರದ ಬೀದರ್‌ಗೂ ಒಂದು ಅಳಿವೆಯಿದೆ. ಅಲ್ಲಿನ ಚಿದ್ರಿಯ ಸುತ್ತಮುತ್ತ ಸುರಿದ ಮಳೆ ಮಾಂಜ್ರಾ ನದಿಯ ಕಡೆಗೆ ಹರಿಯುತ್ತದೆ. ಭಾಲ್ಕಿ, ಔರಾದ್ ಸೀಮೆಯನ್ನು ಹಾದುಹೋಗುವ ಮಾಂಜ್ರಾ ಕಾರಂಜಾವನ್ನು ಕೂಡಿಕೊಂಡು ತೆಲಂಗಾಣದಲ್ಲಿ ಗೋದಾವರಿ ಸೇರುತ್ತದೆ. ಆಂಧ್ರದ ಕಾಕಿನಾಡದ ಬಳಿ, ಗೋದಾವರಿ ಮುಖಜದಲ್ಲಿ, ಮೀನುಬೆಕ್ಕು ಓಡಾಡುವ ಕೋರಿಂಗದ ಕಾಂಡ್ಲಾವನ ಹಬ್ಬಿದೆ. ಆ ದಾರಿಯಲ್ಲಿ ಸಿಂಗೂರು, ನಿಜಾಮಸಾಗರ, ಧವಳೇಶ್ವರದಂಥ ತಡೆಗಳು ಒಂದರ ಹಿಂದೊಂದು ಇವೆ. ಅಣೆಕಟ್ಟುಗಳ ಹಿಂದೆ ಹೂಳು ನಿಂತುಬಿಡುವುದರಿಂದ ಗೋದಾವರಿ ಮುಖಜಕ್ಕೆ ತಲುಪುವ ಮೆಕ್ಕಲು ಬಹಳ ತಗ್ಗಿದೆ ಎಂದು ಅಧ್ಯಯನಗಳು ತೋರಿಸಿವೆ. ತಡೆಯಿಲ್ಲದ ಅಘನಾಶಿನಿಯ ಬೆಲೆ ಬಯಲುಸೀಮೆಯವರಿಗೆ ತಿಳಿಯುವುದು ಈ ಹೋಲಿಕೆಯಿಂದ.

ಪ್ರತಿ ಫೆಬ್ರುವರಿ 2 ವಿಶ್ವ ಜೌಗು ಪ್ರದೇಶಗಳ ದಿನ. ಅಘನಾಶಿನಿ ದಂಡೆಯಲ್ಲಿ ಅಂದು ಸಭೆ ಸೇರಿದರೆ ಅಧಿಕಾರಿ, ಸಂಶೋಧಕರ ಜೊತೆ ಕಗ್ಗದ ರೈತರಿಗೂ ಬಳಚು ಆಯುವ ಹೆಂಗಸರಿಗೂ ವೇದಿಕೆಯಲ್ಲಿ ಜಾಗ ಸಿಗಬೇಕು. ಚಿಪ್ಪು ತೆಗೆಯಲು ಮಿತಿ ಎಷ್ಟು, ಕಟ್ಟೆಗಳ ದುರಸ್ತಿ ಯಾರ ಹೊಣೆ, ಬೇಸಿಗೆಯಲ್ಲಿ ಹೊಳೆಗೆ ಎಷ್ಟು ಸಿಹಿನೀರು ಉಳಿಯಬೇಕು ಎಂಬ ಮೂರು ಪ್ರಶ್ನೆಗಳನ್ನು ಅಲ್ಲಿ ಅವರ ಎದುರಿನಲ್ಲೇ ತೀರ್ಮಾನಿಸಬೇಕು.