ಗ್ಯಾಸ್ ಗೀಸರ್ ಎಲ್ಲಿರಬೇಕು, ಅದರ ಹೊಗೆ ಎತ್ತ ಹೋಗಬೇಕು

ಮೈಸೂರಿನ ಯಾದವಗಿರಿ, ವೊಂಟಿಕೊಪ್ಪಲು ಮೊದಲಾದ ಬಡಾವಣೆಗಳ ಹಳೆಯ ಮನೆಗಳಲ್ಲಿ ಬಚ್ಚಲುಮನೆಯನ್ನು ಹಿತ್ತಲ ಕಡೆಗೆ ಕಟ್ಟುತ್ತಿದ್ದುದಕ್ಕೆ ಮಡಿ-ಮೈಲಿಗೆಯ ಲೆಕ್ಕಾಚಾರವೊಂದೇ ಕಾರಣವಲ್ಲ. ಹಂಡೆಯ ಕೆಳಗೆ ಉರಿಯುತ್ತಿದ್ದ ಸೌದೆ, ಸೋಗೆ, ಕರಟಗಳ ಹೊಗೆ ವಾಸದ ಕೋಣೆಗಳಿಗೆ ನುಗ್ಗದಿರಲೆಂಬ ವಿವೇಕವೂ ಅದರಲ್ಲಿತ್ತು. ಹಂಡೆಯ ಜಾಗಕ್ಕೆ ಬಂದ ತಾಮ್ರದ ಬಾಯ್ಲರ್‌ನಲ್ಲಿ ನೀರಿನ ನಡುವೆ ನೆಟ್ಟಗೆ ಮೇಲೇರುವ ಕೊಳವೆಯೊಂದಿದ್ದು, ಕೆಳಗಿನ ಕೆಂಡದ ಬಿಸಿಗಾಳಿ ಅದರೊಳಗೆ ಏರುತ್ತ ನೀರನ್ನು ಕಾಯಿಸುತ್ತಿತ್ತು. ಉರಿಯ ಹೊಗೆಯನ್ನು ಹೊರಗೊಯ್ಯುವ ಇಂಥ ಕೊಳವೆಗೆ ತಂತ್ರಜ್ಞರು ಫ್ಲೂ ಎನ್ನುತ್ತಾರೆ. ಈಗ ಬಚ್ಚಲು ಮಲಗುವ ಕೋಣೆಗೆ ಅಂಟಿಕೊಂಡಿದೆ, ಸೌದೆ ಹೋಗಿ ಗ್ಯಾಸ್ ಗೀಸರ್ ಬಂದಿದೆ, ಕಣ್ಣುರಿಸುವ ಹೊಗೆ ಕಾಣದಿರುವುದರಿಂದ ಹೊಗೆಕೊಳವೆಯ ಗೊಡವೆಯೇ ಬೇಡವೆಂಬ ಭಾವನೆಯೂ ಬೇರೂರಿದೆ.

ಈ ಭಾವನೆ ಎಷ್ಟು ತಪ್ಪೆಂಬುದನ್ನು ಸರಳ ಲೆಕ್ಕವೊಂದು ತೋರಿಸುತ್ತದೆ. ನಿಮಿಷಕ್ಕೆ 6 ಲೀಟರ್ ನೀರಿನ ತಾಪವನ್ನು 25 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸುವ ಗೀಸರ್ ಗಂಟೆಗೆ ಸುಮಾರು 1 ಕಿಲೋ ಎಲ್‌ಪಿಜಿ ಉರಿಸುತ್ತದೆ, ಅಂದರೆ ಅಡುಗೆಮನೆಯ ಐದಾರು ಬರ್ನರ್‌ಗಳು ಒಟ್ಟಿಗೆ ಉರಿದಷ್ಟು ಉರಿ ಅದರೊಳಗಿರುತ್ತದೆ. ಎಲ್‌ಪಿಜಿ ಎಂಬುದು ಪ್ರೊಪೇನ್ ಮತ್ತು ಬ್ಯುಟೇನ್ ಅನಿಲಗಳ ಮಿಶ್ರಣ; ಅದರ 1 ಕಿಲೋ ಪೂರ್ತಿಯಾಗಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಐದು ಅಡಿ ಅಗಲ, ಏಳು ಅಡಿ ಉದ್ದ, ಒಂಬತ್ತು ಅಡಿ ಎತ್ತರದ ಬಚ್ಚಲಿನಲ್ಲಿರುವ ಒಟ್ಟು ಗಾಳಿ 9 ಘನ ಮೀಟರಿಗಿಂತ ತುಸು ಕಡಿಮೆ. ಬಾಗಿಲು ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿ ಕಾಲು ಗಂಟೆ ಗೀಸರ್ ಉರಿಸಿದರೆ ಆ ಗಾಳಿಯ ಆಮ್ಲಜನಕದಲ್ಲಿ ಮೂರನೆಯ ಒಂದು ಪಾಲು ಖರ್ಚಾಗುತ್ತದೆ, ಅದಕ್ಕೂ ಬಹಳ ಮೊದಲೇ ಉರಿ ಕೆಡುತ್ತದೆ.

ಉರಿ ಕೆಡುವುದೆಂದರೆ ಇಂಧನದ ಇಂಗಾಲ ಅರೆಬರೆ ಸುಟ್ಟು, ಇಂಗಾಲದ ಡೈಆಕ್ಸೈಡ್ ಆಗಬೇಕಾದದ್ದು ಇಂಗಾಲದ ಮಾನಾಕ್ಸೈಡ್ ಆಗಿ ಹೊರಬೀಳುವುದು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುವುದರಿಂದ, ಸ್ನಾನ ಮಾಡುತ್ತಿರುವವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಚಿಲಕ ತೆಗೆಯಬೇಕೆಂಬ ಅರಿವಾಗುವ ಮೊದಲೇ ಪ್ರಜ್ಞೆ ತಪ್ಪಬಹುದು. ಇಂಥ ರೋಗಿಗಳನ್ನು ಕಂಡ ಭಾರತದ ವೈದ್ಯರು ಈ ಸ್ಥಿತಿಯನ್ನು ಗ್ಯಾಸ್ ಗೀಸರ್ ಸಿಂಡ್ರೋಮ್ ಎಂದೇ ಕರೆದಿದ್ದಾರೆ. ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ 2025ರ ಅಕ್ಟೋಬರ್‌ನಲ್ಲಿ ಬಚ್ಚಲಿಗೆ ಹೋದ ಸಹೋದರಿಯರಿಬ್ಬರು ಮೃತಪಟ್ಟಾಗಲೂ ಶಂಕೆ ಹೋದದ್ದು ಗೀಸರ್‌ನ ಕಡೆಗೇ.

ಇಂಥ ಸುದ್ದಿಗಳಲ್ಲಿ ಸಾಮಾನ್ಯವಾಗಿ ಕಾಣುವ ‘ಅನಿಲ ಸೋರಿಕೆ’ ಎಂಬ ವಿವರಣೆ ಓದುಗರನ್ನು ದಾರಿ ತಪ್ಪಿಸುತ್ತದೆ. ಸೋರುವ ಎಲ್‌ಪಿಜಿಗೆ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ ಕೆಟ್ಟ ವಾಸನೆ ಇರುತ್ತದೆ, ಮೂಗು ಅದನ್ನು ಪತ್ತೆ ಹಚ್ಚುತ್ತದೆ. ಆದರೆ ಉರಿಯಲ್ಲಿ ಆ ವಾಸನೆಯೂ ಸುಟ್ಟುಹೋಗುತ್ತದೆ. ಟ್ಯೂಬು, ರೆಗ್ಯುಲೇಟರುಗಳು ಸರಿಯಾಗಿದ್ದು, ಒಂದಿಷ್ಟೂ ಸೋರಿಕೆ ಇಲ್ಲದ ಗೀಸರ್ ಕೂಡ ಮುಚ್ಚಿದ ಕೋಣೆಯಲ್ಲಿ ಕೊಲ್ಲಬಲ್ಲದು.

ಹಾಗಾಗಿ ಮೊದಲ ಪ್ರಶ್ನೆ ಗೀಸರ್‌ನ ಬ್ರ್ಯಾಂಡಿನದಲ್ಲ, ಜಾಗದ್ದು. ಗೀಸರನ್ನು ಬಚ್ಚಲಿನ ಹೊರಗೆ, ತೆರೆದ ಹಿತ್ತಲಿನ ಗೋಡೆಗೋ ಗಾಳಿಯಾಡುವ ಯುಟಿಲಿಟಿಗೋ ಕೂರಿಸಿ, ಬಿಸಿನೀರನ್ನು ಮಾತ್ರ ಪೈಪಿನಲ್ಲಿ ಒಳಗೆ ತರುವುದು ಎಲ್ಲಕ್ಕಿಂತ ಸುರಕ್ಷಿತ. ಕಾಂಪೌಂಡಿನೊಳಗೆ ಒಂಟಿಯಾಗಿ ನಿಂತ ಯಾದವಗಿರಿಯ ಹಳೆಯ ಮನೆಗಳಿಗೆ ಇದು ಕಷ್ಟವೇ ಅಲ್ಲ. ಪೈಪು ನಾಲ್ಕು ಅಡಿ ಉದ್ದವಾದೀತು, ಮೊದಲ ಬಕೆಟ್ ನೀರು ತುಸು ತಡವಾಗಿ ಬಿಸಿಯಾದೀತು, ಅಷ್ಟೆ. ಮಳೆಯ ಎರಚಲು ಮತ್ತು ನೇರ ಗಾಳಿ ಉರಿಗೆ ತಾಗದಂತೆ ಮೇಲೊಂದು ಮರೆ ಇರಬೇಕು. ಆದರೆ ಯುಟಿಲಿಟಿಗೆ ಗಾಜು ಕೂರಿಸಿ ಮುಚ್ಚಿದರೆ ಅದೂ ಮತ್ತೊಂದು ಬಚ್ಚಲೇ ಆಗುತ್ತದೆ.

ಗೀಸರ್ ಒಳಗೇ ಇರಬೇಕಾಗಿ ಬಂದರೆ ಮುಂದಿನ ಪ್ರಶ್ನೆ ಹೊಗೆಕೊಳವೆಯದು. ಅದು ಕೆಲಸ ಮಾಡುವುದು ಬಿಸಿಗಾಳಿ ಹಗುರವಾಗಿ ಮೇಲೇರುತ್ತದೆಂಬ ಒಂದೇ ತತ್ತ್ವದಿಂದ. ಗೀಸರ್‌ನ ನೆತ್ತಿಯಿಂದ ಅದು ಮೊದಲು ನೆಟ್ಟಗೆ ಮೇಲೇರಬೇಕು, ಬಾಗುಗಳು ಆದಷ್ಟು ಕಡಿಮೆ ಇರಬೇಕು, ಅಡ್ಡಲಾಗಿ ಸಾಗುವ ಭಾಗವೂ ಹೊರತುದಿಯ ಕಡೆಗೆ ಏರುತ್ತಲೇ ಹೋಗಬೇಕು. ಕೊಳವೆಯ ಬಾಯಿ ಬಯಲಿಗೇ ತೆರೆದಿರಬೇಕಲ್ಲದೆ, ಅಪಾರ್ಟ್‌ಮೆಂಟುಗಳಲ್ಲಿ ಬಚ್ಚಲುಗಳ ನಡುವೆ ಬಿಡುವ ಇಕ್ಕಟ್ಟಾದ ಡಕ್ಟ್‌ಗಾಗಲಿ, ಮೇಲಿನ ಮನೆಯ ಕಿಟಕಿಯ ಕೆಳಗಾಗಲಿ ಅಲ್ಲ. ಒಬ್ಬರ ಬಚ್ಚಲಿನಿಂದ ಹೊರಟ ಅನಿಲ ಇನ್ನೊಬ್ಬರ ಮಲಗುವ ಕೋಣೆ ಸೇರಬಾರದಲ್ಲವೇ? ಹಕ್ಕಿಗಳು ಗೂಡು ಕಟ್ಟದಂತೆ, ಮಳೆನೀರು ಇಳಿಯದಂತೆ ತುದಿಗೆ ಟೊಪ್ಪಿಗೆ ಬೇಕು. ಇನ್ನು ಎಕ್ಸಾಸ್ಟ್ ಫ್ಯಾನ್ ವಿಚಾರದಲ್ಲಿ ಅನೇಕರು ಎಡವುತ್ತಾರೆ: ಸಹಜ ಸೆಳೆತದ ಹೊಗೆಕೊಳವೆ ಇರುವ ಮುಚ್ಚಿದ ಕೋಣೆಯಲ್ಲೇ ಫ್ಯಾನ್ ತಿರುಗಿದರೆ, ಅದು ಹೊರದೂಡಿದ ಗಾಳಿಯ ಬದಲಿಗೆ ಹೊಸ ಗಾಳಿ ಬರಲು ಬೇರೆ ದಾರಿ ಸಿಗದೆ, ಕೊಳವೆಯ ಮೂಲಕವೇ ಹೊಗೆ ಹಿಂದಕ್ಕೆ ಎಳೆಯಲ್ಪಡುತ್ತದೆ. ಗಾಳಿ ಹೊರಹೋಗಲು ಮೇಲೊಂದು ಕಿಂಡಿ ಇದ್ದಂತೆ ಒಳಬರಲು ಕೆಳಗೊಂದು ಕಿಂಡಿಯೂ ಬೇಕು, ಚಳಿಗಾಲದಲ್ಲೂ ಅದನ್ನು ಮುಚ್ಚಬಾರದು.

ಸಿಲಿಂಡರಿನ ಜಾಗವೂ ಮುಖ್ಯ. ಎಲ್‌ಪಿಜಿ ಗಾಳಿಗಿಂತ ಭಾರವಾಗಿದ್ದು, ಸೋರಿದರೆ ತಗ್ಗಿನಲ್ಲಿ ನಿಲ್ಲುವುದರಿಂದ ಸಂಪು, ಚರಂಡಿಗಳ ಬಳಿ ಸಿಲಿಂಡರನ್ನಿಡಬಾರದು. ಕೊಳವೆಯಲ್ಲಿ ಮನೆಗೆ ಬರುವ ನೈಸರ್ಗಿಕ ಅನಿಲಕ್ಕೆ ಬದಲಾಯಿಸುವವರು ಗೀಸರ್‌ನಲ್ಲಿ ಅನಿಲ ಚಿಮ್ಮುವ ಜೆಟ್‌ಗಳನ್ನು ತಂತ್ರಜ್ಞರಿಂದ ಬದಲಾಯಿಸಿಕೊಳ್ಳದೆ ಉರಿಸಬಾರದು. ನೀಲಿಯಾಗಿರಬೇಕಾದ ಜ್ವಾಲೆ ಹಳದಿಗೆ ತಿರುಗಿದರೆ, ಗೀಸರ್‌ನ ಮೈಮೇಲೆ ಮಸಿ ಕಂಡರೆ, ದುರಸ್ತಿಯಾಗುವ ತನಕ ಅದನ್ನು ಬಳಸಕೂಡದು.

ಬಚ್ಚಲಿನಲ್ಲಿ ಯಾರಾದರೂ ಕುಸಿದಿದ್ದರೆ ಬಾಗಿಲು ಒಡೆದಾದರೂ ಅವರನ್ನು ಬಯಲಿಗೆ ತಂದು, ಕೂಡಲೇ ಆಮ್ಲಜನಕ ಕೊಡಬಲ್ಲ ಆಸ್ಪತ್ರೆಗೆ ಸಾಗಿಸಬೇಕು. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಮಾನಾಕ್ಸೈಡನ್ನೂ ಆಮ್ಲಜನಕವೆಂದೇ ಎಣಿಸುವುದರಿಂದ, ಅದು ತೋರಿಸುವ ಅಂಕಿಯನ್ನು ನಂಬಿ ಮನೆಯಲ್ಲೇ ಕೂರಬಾರದು. ಇನ್ನು ಹೊರಗೋಡೆಯೇ ಇಲ್ಲದ, ಡಕ್ಟ್ ಒಂದೇ ದಿಕ್ಕಾದ ಬಚ್ಚಲಿಗೆ ಗ್ಯಾಸ್ ಗೀಸರ್ ಯೋಗ್ಯವಲ್ಲ. ಅಂಥ ಮನೆಯವರು ವಿದ್ಯುತ್ ಗೀಸರನ್ನೋ ಸೋಲಾರ್ ಹೀಟರನ್ನೋ ಆರಿಸಿಕೊಳ್ಳುವುದೇ ಸರಿ.