ಎಮ್ಮೆಯ ತೊರೆ, ಇಲಿಯ ರಕ್ತ

ಕಲಘಟಗಿ ತಾಲ್ಲೂಕಿನ ದುಮ್ಮವಾಡದಂಥ ಊರುಗಳಲ್ಲಿ ಎಮ್ಮೆ ಹಿಂಡುವ ಮುನ್ನ ಕರುವನ್ನು ಕೆಚ್ಚಲಿಗೆ ಬಿಡುತ್ತಾರೆ. ಕರು ಚೀಪತೊಡಗಿದ ಸ್ವಲ್ಪ ಹೊತ್ತಿಗೇ ಎಮ್ಮೆ ತೊರೆ ಬಿಡುತ್ತದೆ. ಅಷ್ಟರಲ್ಲಿ ಅದರ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ನರಪೆಪ್ಟೈಡ್ ರಕ್ತಕ್ಕೆ ಇಳಿದಿರುತ್ತದೆ. ಬರೀ ಒಂಬತ್ತು ಅಮೈನೋ ಆಮ್ಲಗಳ ತುಣುಕು ಅದು. ಎಮ್ಮೆ, ಇಲಿ, ಬಾಣಂತಿ, ಎಲ್ಲರಲ್ಲೂ ಒಂದೇ.

ಅದಿಲ್ಲದಿದ್ದರೆ ಏನಾದೀತು? 1996ರಲ್ಲಿ ವಿಜ್ಞಾನಿಗಳು ಆಕ್ಸಿಟೋಸಿನ್ ಜೀನ್ ಇಲ್ಲದ ಇಲಿಗಳನ್ನು ರೂಪಿಸಿದರು. ಅವು ಸಲೀಸಾಗಿ ಮರಿ ಹಾಕಿದವು. ಹಾಲು ಮಾತ್ರ ಇಳಿಯಲಿಲ್ಲ; ಮರಿಗಳು ಒಂದು ದಿನದೊಳಗೆ ಸತ್ತವು. ತಾಯಿಗೆ ಆಕ್ಸಿಟೋಸಿನ್ ಚುಚ್ಚಿದಾಗ ಹಾಲು ಬಂತು.

ಹೆರಿಗೆಯ ನಂತರದ ರಕ್ತಸ್ರಾವ ತಡೆದು ತಾಯಂದಿರ ಜೀವ ಉಳಿಸುವ ಇದೇ ಔಷಧವನ್ನು ಹಾಲಿನಾಸೆಗೆ ದನ, ಎಮ್ಮೆಗಳಿಗೆ ಚುಚ್ಚುವ ಕೆಟ್ಟ ಚಾಳಿ ದೇಶದಲ್ಲಿ ಬೆಳೆಯಿತು. 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳನ್ನು ಹೊರಗಿಟ್ಟು, ದೇಶದ ಬಳಕೆಗೆ ಇದನ್ನು ತಯಾರಿಸುವ ಹೊಣೆಯನ್ನು ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್‌ಗೆ ಮಾತ್ರ ವಹಿಸಹೊರಟಿತು. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಇಂಥ ವಾದಗಳಲ್ಲಿ ಭಯಕ್ಕಿಂತ ಅಳತೆ ಮುಂದಿರಬೇಕು ಎಂಬುದು ನನ್ನ ನಂಬಿಕೆ.

ಅಳೆಯುವುದಾದರೂ ಹೇಗೆ? ಹೆಚ್ಚಿನ ಪ್ರಯೋಗಾಲಯಗಳು ನೆಚ್ಚಿಕೊಂಡಿರುವುದು ಎಲೈಸಾ ಕಿಟ್‌ಗಳನ್ನು. ಸ್ಟಾಕ್‌ಹೋಮ್‌ನಲ್ಲಿ ಈವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ 1971ರಲ್ಲಿ ಪ್ರಕಟಿಸಿದ ವಿಧಾನ ಇದು. 96 ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಪ್ರತಿಕಾಯಗಳು ಕಾದಿರುತ್ತವೆ. ದೊಡ್ಡ ಪ್ರೋಟೀನನ್ನು ಎರಡು ಪ್ರತಿಕಾಯಗಳು ಎರಡು ಬದಿಯಿಂದ ಹಿಡಿಯಬಲ್ಲವು. ಆಕ್ಸಿಟೋಸಿನ್ ಅದಕ್ಕೆ ತೀರ ಚಿಕ್ಕದು. ಆದ್ದರಿಂದ ಇಲ್ಲಿ ಪೈಪೋಟಿ ಹಚ್ಚುತ್ತಾರೆ. ಹುಬ್ಬಳ್ಳಿ ಬಸ್ಸಿನಲ್ಲಿರುವಂತೆ ಸೀಟು ಇಷ್ಟೇ. ಬಣ್ಣ ಬರಿಸುವ ಕಿಣ್ವ ಅಂಟಿಸಿದ ಆಕ್ಸಿಟೋಸಿನನ್ನು ಗೊತ್ತಾದಷ್ಟು ಹಾಕುತ್ತಾರೆ, ಜೊತೆಗೆ ಪ್ರಯೋಗಾಲಯದ ಪುಟ್ಟ ಇಲಿಯ (ಮೌಸ್) ರಕ್ತದ ಮಾದರಿ. ಇಲಿಯ ಆಕ್ಸಿಟೋಸಿನ್ ಹೆಚ್ಚಿದ್ದಷ್ಟೂ ಕಿಣ್ವದ್ದಕ್ಕೆ ಸೀಟು ಸಿಗುವುದಿಲ್ಲ. ಹಾಗಾಗಿ ಬಣ್ಣ ಕಡಿಮೆಯಾದರೆ ಪೆಪ್ಟೈಡ್ ಹೆಚ್ಚು.

ತೊಡಕಿರುವುದು ರಕ್ತದಲ್ಲಿ. ಇಲಿಯ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 2 ಮಿಲಿಲೀಟರ್. ಒಂದು ಗುಳಿಗೆ 0.1 ಮಿಲಿಲೀಟರ್ ಮಾದರಿ ಬೇಕು, ಅದೂ ಎರಡೆರಡು ಗುಳಿ. ಆಕ್ಸಿಟೋಸಿನ್ ಇರುವುದೋ ಗ್ರಾಮಿನ ಲಕ್ಷ ಕೋಟಿಯ ಪಾಲಿನ ಲೆಕ್ಕದಲ್ಲಿ, ಮತ್ತು ಕೆಲವೇ ನಿಮಿಷಗಳಲ್ಲಿ ಅರ್ಧದಷ್ಟು ಕರಗಿಹೋಗುತ್ತದೆ. ರಕ್ತ ತೆಗೆದ ಕೂಡಲೇ ಮಂಜುಗಡ್ಡೆಯ ಮೇಲಿಟ್ಟು, ಪೆಪ್ಟೈಡ್ ಕತ್ತರಿಸುವ ಕಿಣ್ವಗಳನ್ನು ತಡೆಯುವ ರಾಸಾಯನಿಕ ಬೆರೆಸಬೇಕು. ಆಮೇಲೆ ರಕ್ತದ ದ್ರವಭಾಗವಾದ ಪ್ಲಾಸ್ಮಾದಿಂದ ಪೆಪ್ಟೈಡನ್ನಷ್ಟೇ ಬೇರ್ಪಡಿಸಿಕೊಳ್ಳಬೇಕು. ಈ ಕೊನೆಯ ಕೆಲಸಕ್ಕೆ ಮಾದರಿ ಹೆಚ್ಚು ಬೇಕು. ಅದಕ್ಕೇ ಅದನ್ನು ಬಿಟ್ಟುಬಿಡುವ ಆಸೆ. ಬಿಟ್ಟರೆ ಪ್ಲಾಸ್ಮಾದ ಬೇರೆ ವಸ್ತುಗಳೂ ಲೆಕ್ಕಕ್ಕೆ ಸೇರಿ ಅಂಕಿ ನೂರು ಪಟ್ಟಿನವರೆಗೂ ಉಬ್ಬಬಹುದು. ಪ್ರೀತಿ, ನಂಬಿಕೆಗಳನ್ನು ಆಕ್ಸಿಟೋಸಿನ್‌ಗೆ ಗಂಟುಹಾಕಿದ ಎಷ್ಟೋ ಅಧ್ಯಯನಗಳನ್ನು ನಂಬಬಹುದೇ ಎಂದು ಮೆಕಲೋ, ಚರ್ಚ್‌ಲ್ಯಾಂಡ್, ಮೆಂಡೆಜ್ 2013ರಲ್ಲಿ ಪ್ರಶ್ನಿಸಿದ್ದು ಇದೇ ಕಾರಣಕ್ಕೆ.

ಕಿಟ್ ಕೊಟ್ಟ ಅಂಕಿಯನ್ನು ನಂಬಬಹುದೇ ಎಂದು ಪರೀಕ್ಷಿಸುವ ದಾರಿಗಳು ಸರಳವಾಗಿವೆ. ಮಾದರಿಯನ್ನು ಅರ್ಧಕ್ಕೆ ತೆಳುಮಾಡಿದರೆ ಅಂಕಿಯೂ ಅರ್ಧವಾಗಬೇಕು. ಗೊತ್ತಾದಷ್ಟು ಆಕ್ಸಿಟೋಸಿನ್ ಬೆರೆಸಿದರೆ ಅಷ್ಟೇ ಮರಳಿ ಸಿಗಬೇಕು. ಇಲಿಗೆಂದು ಕೊಂಡ ಕಿಟ್‌ನಲ್ಲಿ ನಮ್ಮ ಧಾರವಾಡಿ ಎಮ್ಮೆಯ ರಕ್ತವನ್ನೂ ಅಳೆಯಬಹುದು, ಪೆಪ್ಟೈಡ್ ಒಂದೇ ತಾನೆ. ಆದರೆ ಎಮ್ಮೆಯ ಪ್ಲಾಸ್ಮಾ ಬೇರೆ. ಈ ಎರಡೂ ಪರೀಕ್ಷೆಗಳನ್ನು ಅಲ್ಲಿ ಹೊಸದಾಗಿಯೇ ಮಾಡಬೇಕು.