ವಿದ್ಯೆಯೇ ಬಂಡವಾಳ: ಹೈದರಾಬಾದಿನ ಔಷಧೋದ್ಯಮದ ಕಥೆ

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ತಂದು ನುಂಗಿಸುವುದು ಇಂದು ಅತಿ ಸಾಮಾನ್ಯವಾದ ಸಂಗತಿ. ಆ ಗುಳಿಗೆಯ ಮೂಲದ್ರವ್ಯ ಎಲ್ಲಿ ತಯಾರಾಯಿತು, ಅದು ಬಡವನ ಕೈಗೂ ಎಟುಕುವ ಬೆಲೆಗೆ ಹೇಗೆ ದೊರೆಯಿತು ಎಂದು ಯೋಚಿಸುವವರು ಮಾತ್ರ ವಿರಳ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ದೇಶವು ಆಧುನಿಕ ಔಷಧಗಳಿಗಾಗಿ ಬಹುಮಟ್ಟಿಗೆ ಪರದೇಶದ ಕಂಪೆನಿಗಳನ್ನೇ ಆಶ್ರಯಿಸಿತ್ತು. ಆ ಸ್ಥಿತಿಯನ್ನು ಬದಲಿಸಿದ ಊರುಗಳಲ್ಲಿ ಹೈದರಾಬಾದು ಮುಖ್ಯವಾದುದು. ಬಂದರಿಲ್ಲದ, ಔಷಧಕ್ಕೆ ಬೇಕಾದ ಕಚ್ಚಾವಸ್ತುವೂ ಹತ್ತಿರದಲ್ಲಿಲ್ಲದ ಈ ನಗರಕ್ಕೆ ಇಂಥ ಉದ್ಯಮ ಹೇಗೆ ಬಂದಿತೆಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗೂ ಆರೋಗ್ಯದಲ್ಲಿ ಆಸಕ್ತಿಯುಳ್ಳ ಗೃಹಸ್ಥನಿಗೂ ಸಮಾನವಾಗಿ ಉಪಯುಕ್ತವಾದ ವಿಷಯ.

ಬೀಜ ಬಿದ್ದ ಬಗೆ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, 1944 ರಲ್ಲಿ, ಇಲ್ಲಿ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನೆಗಾಗಿ ಕೇಂದ್ರ ಪ್ರಯೋಗಾಲಯವೊಂದು ಸ್ಥಾಪಿತವಾಯಿತು. 1956 ರಲ್ಲಿ ಅದು ರಾಷ್ಟ್ರೀಯ ಪ್ರಯೋಗಾಲಯಗಳ ಸಾಲಿಗೆ ಸೇರಿ ಪ್ರಾದೇಶಿಕ ಸಂಶೋಧನಾಲಯವೆನಿಸಿತು. 1989 ರಿಂದ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯೆಂಬ ಹೆಸರು ಪಡೆಯಿತು. 1961 ರಲ್ಲಿ ಕೇಂದ್ರ ಸರ್ಕಾರವು ಸೋವಿಯತ್ ನೆರವಿನಿಂದ ಐ.ಡಿ.ಪಿ.ಎಲ್. ಸಂಸ್ಥೆಯನ್ನು ಕಟ್ಟಲು ತೊಡಗಿದಾಗ ಪ್ರತಿಜೀವಕಗಳ ಕಾರ್ಖಾನೆ ಋಷಿಕೇಶಕ್ಕೂ, ಶಸ್ತ್ರಚಿಕಿತ್ಸೆಯ ಉಪಕರಣಗಳ ಕಾರ್ಖಾನೆ ಮದರಾಸಿಗೂ, ಸಂಯೋಜಿತ ಔಷಧಗಳ ಕಾರ್ಖಾನೆ ಹೈದರಾಬಾದಿನ ಬಾಲಾನಗರಕ್ಕೂ ಹೋದವು. ಬಾಲಾನಗರದಲ್ಲಿ 1967 ರಲ್ಲಿ ಉತ್ಪಾದನೆ ಆರಂಭವಾಯಿತು.

ಐ.ಡಿ.ಪಿ.ಎಲ್. ಲಾಭದ ದೃಷ್ಟಿಯಿಂದ ಬಹುಕಾಲ ನಿಲ್ಲಲಿಲ್ಲ. ದೇಶಕ್ಕೆ ಔಷಧ ಕೊಟ್ಟ ಆ ಸಂಸ್ಥೆಯನ್ನೇ 1992 ರಲ್ಲಿ ರೋಗಗ್ರಸ್ತ ಉದ್ಯಮವೆಂದು ಘೋಷಿಸಬೇಕಾಗಿ ಬಂದಿತು. ಆದರೆ ಅದರ ಆಸ್ತಿ-ಹೊಣೆ ಪಟ್ಟಿಯಲ್ಲಿ ಎಂದೂ ಕಾಣಿಸಿಕೊಳ್ಳದ ಆಸ್ತಿಯೊಂದಿತ್ತು. ಪ್ರಯೋಗಾಲಯದ ಗಾಜಿನ ಕುಪ್ಪಿಯಲ್ಲಿ ಗ್ರಾಂ ಲೆಕ್ಕದಲ್ಲಿ ಆಗುವ ರಾಸಾಯನಿಕ ಕ್ರಿಯೆಯನ್ನು ಕಾರ್ಖಾನೆಯ ದೊಡ್ಡ ಪಾತ್ರೆಯಲ್ಲಿ ಟನ್ ಲೆಕ್ಕದಲ್ಲಿ ನಡೆಸುವ ವಿದ್ಯೆ ಪುಸ್ತಕದಿಂದ ಬರುವಂಥದಲ್ಲ. ಶಾಖ ಎಷ್ಟಿರಬೇಕು, ದ್ರಾವಕವನ್ನು ಮರಳಿ ಹೇಗೆ ಪಡೆಯಬೇಕು, ಕಲ್ಮಷವನ್ನು ಯಾವ ಹಂತದಲ್ಲಿ ತೆಗೆಯಬೇಕು ಎಂಬುದು ಕೈಕೆಲಸದಿಂದಲೇ ತಿಳಿಯಬೇಕು. ಆ ವಿದ್ಯೆಯನ್ನು ಕಲಿತ ರಸಾಯನಜ್ಞರ, ಎಂಜಿನಿಯರರ, ಕುಶಲ ಕಾರ್ಮಿಕರ ಒಂದು ತಲೆಮಾರನ್ನೇ ಬಾಲಾನಗರ ಸಿದ್ಧಗೊಳಿಸಿತು.

ಕಾನೂನು ತೆರೆದ ಬಾಗಿಲು

ಕುಶಲರಿದ್ದರೆ ಸಾಲದು, ಅವರ ಕೌಶಲಕ್ಕೆ ಅವಕಾಶವೂ ಬೇಕು. 1970 ರ ಪೇಟೆಂಟ್ ಕಾಯಿದೆ 1972 ರಲ್ಲಿ ಜಾರಿಗೆ ಬಂದು ಆ ಅವಕಾಶವನ್ನು ಒದಗಿಸಿತು. ಅದರಂತೆ ಔಷಧ ವಸ್ತುವಿನ ಮೇಲೆ ಯಾರಿಗೂ ಏಕಸ್ವಾಮ್ಯವಿಲ್ಲ. ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಅಲ್ಪಾವಧಿಯ ಹಕ್ಕು. ಅದೇ ಔಷಧವನ್ನು ಬೇರೊಂದು ದಾರಿಯಿಂದ ತಯಾರಿಸಬಲ್ಲವನಿಗೆ ಮಾರುಕಟ್ಟೆ ತೆರೆದಿತ್ತು. 2005 ರಲ್ಲಿ ವಸ್ತುವಿನ ಮೇಲಣ ಪೇಟೆಂಟ್ ಮರಳಿ ಬರುವವರೆಗೆ ದೊರೆತ ಮೂವತ್ತು ಮೂರು ವರ್ಷಗಳ ಅವಧಿಯನ್ನು ಹೈದರಾಬಾದು ವ್ಯರ್ಥಗೊಳಿಸಲಿಲ್ಲ.

ಐ.ಡಿ.ಪಿ.ಎಲ್.ನಲ್ಲಿ ದುಡಿದಿದ್ದ ಗುಂಟೂರು ಜಿಲ್ಲೆಯ ಡಾ. ಅಂಜಿರೆಡ್ಡಿಯವರು ಕೆಲಸ ಬಿಟ್ಟು ಬಂದು ಮೊದಲು ಯೂನಿಲಾಯ್ಡ್ಸ್, ಬಳಿಕ ಸ್ಟ್ಯಾಂಡರ್ಡ್ ಆರ್ಗಾನಿಕ್ಸ್ ಸಂಸ್ಥೆಗಳಲ್ಲಿ ಪಾಲುದಾರರಾಗಿ, 1984 ರಲ್ಲಿ ತಮ್ಮದೇ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದರು. 2001 ರಲ್ಲಿ ಅದರ ಷೇರುಗಳು ನ್ಯೂಯಾರ್ಕಿನ ಪೇಟೆಯನ್ನು ಪ್ರವೇಶಿಸಿದವು. ಅವರೊಡನೆ ದುಡಿದ ಮುರಳಿ ದಿವಿಯವರು 1990 ರಲ್ಲಿಯೂ, ಪಾರ್ಥಸಾರಥಿ ರೆಡ್ಡಿಯವರು 1993 ರಲ್ಲಿಯೂ ಬೇರೆ ಸಂಸ್ಥೆಗಳನ್ನು ಕಟ್ಟಿದರು. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದರೆ ಮೊದಲಿನದರ ಬೆಳಕೇನೂ ಕುಂದುವುದಿಲ್ಲವಷ್ಟೆ. ರಸಾಯನ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಎ.ವಿ. ರಾಮರಾವ್ ಅವರ ತಂಡವು ಏಡ್ಸ್ ರೋಗದ ಎ.ಝಡ್.ಟಿ. ಔಷಧಕ್ಕೆ ಅಗ್ಗದ ತಯಾರಿಕಾ ವಿಧಾನವನ್ನು ರೂಪಿಸಿತು. ಆ ವಿಧಾನವನ್ನು ಬಳಸಿಕೊಂಡದ್ದು ಮುಂಬಯಿಯ ಸಿಪ್ಲಾ ಕಂಪೆನಿ. ವಿದ್ಯೆಯ ಫಲಕ್ಕೆ ಊರಿನ ಎಲ್ಲೆಯಿಲ್ಲ.

ಇಂಥ ಒಂದು ಕಾರ್ಖಾನೆಯ ಸುತ್ತ ಹತ್ತಾರು ಕಸುಬುಗಳು ಬೆಳೆಯುತ್ತವೆ. ದ್ರಾವಕದ ವರ್ತಕ, ಡ್ರಮ್ಮು ತಯಾರಿಸುವವನು, ಬಾಯ್ಲರ್ ರಿಪೇರಿಯವನು, ಲಾರಿಯ ಮಾಲೀಕ, ಪರೀಕ್ಷಾ ಪ್ರಯೋಗಾಲಯ, ಕೊನೆಗೆ ಗೇಟಿನೆದುರಿನ ಚಹದಂಗಡಿ—ಎಲ್ಲರ ಗಳಿಕೆಗೂ ಒಬ್ಬ ರಸಾಯನಜ್ಞನ ತಲೆಯೊಳಗಿನ ಸೂತ್ರವೇ ಮೂಲ.

ಲಸಿಕೆಯ ಸಾಹಸ

ಯಕೃತ್ತಿಗೆ ತಗಲುವ ಹೆಪಟೈಟಿಸ್-ಬಿ ರೋಗವು ರಕ್ತದ ಮೂಲಕ, ಅಶುದ್ಧವಾದ ಸೂಜಿಯ ಮೂಲಕ, ಲೈಂಗಿಕ ಸಂಪರ್ಕದಿಂದ ಮತ್ತು ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಹರಡುತ್ತದೆ. ಶೈಶವದಲ್ಲಿ ತಗಲಿದ ಸೋಂಕು ಅನೇಕ ವೇಳೆ ದೇಹದಲ್ಲಿಯೇ ಉಳಿದು, ದಶಕಗಳ ನಂತರ ಸಿರೋಸಿಸ್ ಅಥವಾ ಯಕೃತ್ತಿನ ಕ್ಯಾನ್ಸರ್ ಆಗಿ ಪ್ರಕಟವಾಗುತ್ತದೆ. ತೊಂಬತ್ತರ ದಶಕದ ಆದಿಯಲ್ಲಿ ಇದರ ಲಸಿಕೆ ವಿದೇಶದಿಂದ ಬರಬೇಕಾಗಿತ್ತು. ಒಂದು ಚುಚ್ಚುಮದ್ದಿಗೆ ಹಲವು ನೂರು ರೂಪಾಯಿ ಬೆಲೆ.

ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಆಗಿದ್ದ ವರಪ್ರಸಾದ ರೆಡ್ಡಿಯವರು ಆ ತಂತ್ರವನ್ನು ಕೊಳ್ಳಲು ಹೋಗಿ ವಿದೇಶಿ ಕಂಪೆನಿಯೊಂದರಿಂದ ತಿರಸ್ಕೃತರಾದರು. ನಾವೇ ತಯಾರಿಸೋಣವೆಂದು 1993 ರಲ್ಲಿ ತಾಯಿಯ ಹೆಸರಿನಲ್ಲಿ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯನ್ನು ಆರಂಭಿಸಿದರು. ಉಸ್ಮಾನಿಯಾ ವಿಶ್ವವಿದ್ಯಾಲಯವೂ, 1977 ರಲ್ಲಿ ಸ್ಥಾಪಿತವಾಗಿದ್ದ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರವೂ ಅವರ ತರುಣ ವಿಜ್ಞಾನಿಗಳಿಗೆ ಸ್ಥಳವಿತ್ತವು. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಹುದುಗು ಎಲ್ಲ ಗೃಹಿಣಿಯರಿಗೂ ಪರಿಚಿತ. ಅದೇ ಬಗೆಯ ಸೂಕ್ಷ್ಮಜೀವಿಯಾದ ಯೀಸ್ಟಿನೊಳಗೆ ವೈರಾಣುವಿನ ಹೊರಕವಚದ ಜೀನ್ ಒಂದನ್ನು ಸೇರಿಸಿ, ದೊಡ್ಡ ಪಾತ್ರೆಗಳಲ್ಲಿ ಬೆಳೆಸಿ, ಅದು ತಯಾರಿಸಿದ ಪ್ರೋಟೀನನ್ನು ಶುದ್ಧಿಗೊಳಿಸಿದರೆ ಲಸಿಕೆ ಸಿದ್ಧ. ಅದರಲ್ಲಿ ರೋಗಾಣುವಿರುವುದಿಲ್ಲ, ಅದರ ಮುಖಪರಿಚಯ ಮಾತ್ರ ಇರುತ್ತದೆ.

ವಿಜ್ಞಾನಕ್ಕಿಂತಲೂ ಕಷ್ಟವಾದುದು ಹಣ. ಬ್ಯಾಂಕಿನ ನಿಯಮಾವಳಿಗೆ ಅರ್ಥವಾಗುವ ಆಧಾರವೆಂದರೆ ನೆಲ, ಕಟ್ಟಡ, ಯಂತ್ರ, ಗೋದಾಮಿನ ಸರಕು. ಇನ್ನೂ ಹುಟ್ಟದ ಲಸಿಕೆಯನ್ನು ಅಡವಿಟ್ಟುಕೊಳ್ಳುವ ನಮೂನೆ ಯಾವ ಶಾಖೆಯಲ್ಲಿಯೂ ಇರಲಿಲ್ಲ. ಒಮಾನ್ ದೇಶದ ವಿದೇಶಾಂಗ ಸಚಿವ ಯೂಸುಫ್ ಬಿನ್ ಅಲವಿಯವರು ಬಂಡವಾಳ ಹೂಡಿದರು. 1996 ರಲ್ಲಿ ಸ್ಥಾಪಿತವಾದ ತಂತ್ರಜ್ಞಾನ ಅಭಿವೃದ್ಧಿ ಮಂಡಳಿಯೂ ಸಾಲವಿತ್ತಿತು. 1997 ರಲ್ಲಿ ಲಸಿಕೆ ಹೊರಬಂದಿತು. ಸ್ಪರ್ಧೆ ಬೆಳೆದಂತೆ ಬೆಲೆ ಕೆಲವೇ ವರ್ಷಗಳಲ್ಲಿ ಐವತ್ತು ರೂಪಾಯಿಯ ಆಸುಪಾಸಿಗೆ ಇಳಿಯಿತು. 2002 ರಲ್ಲಿ ಕೆಲವೆಡೆ ಆರಂಭವಾದ ಸರ್ಕಾರಿ ಹೆಪಟೈಟಿಸ್-ಬಿ ಲಸಿಕಾ ಕಾರ್ಯಕ್ರಮವು 2011 ರಲ್ಲಿ ದೇಶಕ್ಕೆಲ್ಲ ವ್ಯಾಪಿಸಿತು. ಶಾಂತಾ ಸಂಸ್ಥೆಯನ್ನು 2009 ರಲ್ಲಿ ಫ್ರಾನ್ಸಿನ ಸನೋಫಿ ಕಂಪೆನಿ ಕೊಂಡುಕೊಂಡಿತು.

ಇಂಥದೇ ಇನ್ನೊಂದು ಕಥೆಯಲ್ಲಿ ಬೆಂಗಳೂರಿಗೂ ಪಾತ್ರವಿದೆ. ಮಕ್ಕಳಲ್ಲಿ ತೀವ್ರ ಭೇದಿಯನ್ನುಂಟುಮಾಡುವ ರೋಟಾ ವೈರಾಣುವಿನ ಸೌಮ್ಯ ತಳಿಗಳೆರಡು ನವಜಾತ ಶಿಶುಗಳಲ್ಲಿ ದೊರೆತಿದ್ದವು: ದೆಹಲಿಯಲ್ಲಿ ಒಂದು, ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರಿಗೆ ಬೆಂಗಳೂರಿನಲ್ಲಿ ಇನ್ನೊಂದು. ಡಾ. ಕೃಷ್ಣ ಎಲ್ಲಾ ಅವರು 1996 ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿಸಿದ ಭಾರತ್ ಬಯೋಟೆಕ್ ಎರಡರಿಂದಲೂ ಲಸಿಕೆ ಸಿದ್ಧಪಡಿಸಿತು. ಪರೀಕ್ಷೆಯಲ್ಲಿ ದೆಹಲಿಯ ತಳಿಯೇ ಮೇಲೆನಿಸಿ, 2015 ರಲ್ಲಿ ಲಸಿಕೆಯಾಗಿ ಬಳಕೆಗೆ ಬಂದಿತು. ಸೋತ ತಳಿಯ ಶ್ರಮವೂ ವ್ಯರ್ಥವಲ್ಲ. ಯಾವುದು ಸಾಲದೆಂದು ತಿಳಿಯುವುದೂ ವಿಜ್ಞಾನದ ಗಳಿಕೆಯೇ. ನಗರದ ಉತ್ತರಕ್ಕೆ ಶಾಮೀರ್‌ಪೇಟೆಯ ಬಳಿ 1999 ರಿಂದ ಬೆಳೆದ ಜಿನೋಮ್ ವ್ಯಾಲಿಯಲ್ಲಿ ಕೋವಿಡ್ ಕಾಲಕ್ಕೆ ಇಂಥ ಅನುಭವ ಸಂಗ್ರಹವಾಗಿದ್ದುದರಿಂದಲೇ, 2021 ರ ಜನವರಿಯಲ್ಲಿ ಕೊವ್ಯಾಕ್ಸಿನ್‌ಗೆ ತುರ್ತು ಬಳಕೆಯ ಅನುಮತಿ ದೊರೆಯುವುದು ಸಾಧ್ಯವಾಯಿತು.

ಖರ್ಚಿನ ಪುಟ

ಜಮಾ ಪುಟವನ್ನು ಮಾತ್ರ ಓದಿ ಖರ್ಚಿನ ಪುಟವನ್ನು ಮುಚ್ಚಿಡುವುದು ಲೆಕ್ಕವಲ್ಲ. ಹೈದರಾಬಾದಿನಿಂದ ಜಹೀರಾಬಾದಿನ ಮೇಲೆ ಬೀದರ ಜಿಲ್ಲೆಗೆ ಬರುವ ಹೆದ್ದಾರಿಯಲ್ಲಿ ಪಟಾನ್‌ಚೆರು ಇದೆ. ಅಲ್ಲಿಯ ಕಾರ್ಖಾನೆಗಳ ಕಲುಷಿತ ನೀರು ನಕ್ಕವಾಗುವನ್ನೂ ಕೆರೆಬಾವಿಗಳನ್ನೂ ಕೆಡಿಸಿತು. ಗ್ರಾಮಸ್ಥರ ಪರವಾದ ಮೊಕದ್ದಮೆ 1990 ರಲ್ಲಿ ಸುಪ್ರೀಂ ಕೋರ್ಟನ್ನು ಮುಟ್ಟಿತು. 2007 ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಅಲ್ಲಿಯ ಸಾಮೂಹಿಕ ಶುದ್ಧೀಕರಣ ಘಟಕದಿಂದ ಹೊರಬಂದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂನವರೆಗೆ ಸಿಪ್ರೊಫ್ಲಾಕ್ಸಸಿನ್ ಇರುವುದನ್ನು ಪ್ರಕಟಿಸಿದರು. ಗುಳಿಗೆ ನುಂಗಿದ ರೋಗಿಯ ರಕ್ತದಲ್ಲಿಯೂ ಆ ಔಷಧ ಅಷ್ಟಿರುವುದಿಲ್ಲ. ಅಂಥ ನೀರಿನಲ್ಲಿ ಉಳಿದು ಬೆಳೆಯುವ ರೋಗಾಣುಗಳು ಔಷಧಕ್ಕೆ ಬಗ್ಗುವುದಿಲ್ಲ. ಔಷಧವನ್ನು ಅಗ್ಗವಾಗಿಸಿದ ಉದ್ಯಮವೇ ಔಷಧವನ್ನು ನಿಷ್ಫಲಗೊಳಿಸಬಹುದಾದ ವಿಪರ್ಯಾಸವಿದು.

ಕನ್ನಡಿಗರಿಗೆ ಈ ಪುಟ ದೂರದ್ದಲ್ಲ. 1956 ರವರೆಗೆ ಬೀದರ, ಕಲಬುರಗಿ, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿ. ಇಂದಿಗೂ ಆ ಜಿಲ್ಲೆಗಳ ಅನೇಕರು ಓದಿಗೂ ಚಿಕಿತ್ಸೆಗೂ ಇಲ್ಲಿಗೇ ಬರುತ್ತಾರೆ. ಅದೇ ಸೀಮೆಯಲ್ಲಿ, ರಾಯಚೂರಿನಲ್ಲಿ, 1987 ರಲ್ಲಿ ಹುಟ್ಟಿದ ಶಿಲ್ಪಾ ಸಂಸ್ಥೆ ಕ್ಯಾನ್ಸರ್ ಔಷಧಗಳ ಮೂಲದ್ರವ್ಯಗಳಿಗೆ ಹೆಸರಾಯಿತು. ಬೀದರಿನ ಕೊಳಾರದಲ್ಲಿ, ಯಾದಗಿರಿ ಜಿಲ್ಲೆಯ ಕಡೇಚೂರಿನಲ್ಲಿ ಔಷಧ-ರಸಾಯನ ಘಟಕಗಳು ತಲೆಯೆತ್ತಿವೆ. ಜತೆಗೆ ದುರ್ನಾತದ, ಕೆಟ್ಟ ನೀರಿನ ದೂರುಗಳೂ ಕೇಳಿಬಂದಿವೆ. ಹೈದರಾಬಾದಿನಿಂದ ಗಡಿ ದಾಟಿ ಬರಬೇಕಾದುದು ವಿದ್ಯೆಯೋ ತ್ಯಾಜ್ಯವೋ ಎಂಬುದನ್ನು ನಿರ್ಧರಿಸುವ ಕಾಲ ಇದು. ಜಮೀನು, ವಿದ್ಯುತ್ತು, ತೆರಿಗೆ ವಿನಾಯಿತಿಗಳಿಂದ ಕಾರ್ಖಾನೆಯ ಗೋಡೆಯನ್ನು ತರಬಹುದು. ಆದರೆ ಹೈದರಾಬಾದಿನಲ್ಲಿ ಗೋಡೆಗಿಂತ ಮೊದಲು ಬಂದದ್ದು ಪ್ರಯೋಗಾಲಯ, ಅದರೊಡನೆ ಬಂದದ್ದು ಕುಶಲರ ಪಡೆ. ಕಲಬುರಗಿ ಸೀಮೆಯ ಕಾಲೇಜುಗಳ ಪ್ರಯೋಗಶಾಲೆಗಳಿಗೆ ಮಾಡುವ ಖರ್ಚೇ ಆ ಭಾಗದ ನಿಜವಾದ ಔದ್ಯಮಿಕ ಬಂಡವಾಳ.

ಗೃಹಸ್ಥರ ಪಾಲಿಗೂ ಎರಡು ಕರ್ತವ್ಯಗಳಿವೆ. ನವಜಾತ ಶಿಶುವಿಗೆ ಇಪ್ಪತ್ತನಾಲ್ಕು ಗಂಟೆಗಳೊಳಗೆ ಹೆಪಟೈಟಿಸ್-ಬಿ ಲಸಿಕೆಯ ಮೊದಲ ಚುಚ್ಚುಮದ್ದನ್ನು ಹಾಕಿಸುವುದು ಒಂದು. ವೈದ್ಯರ ಸಲಹೆಯಿಲ್ಲದೆ ಪ್ರತಿಜೀವಕಗಳನ್ನು ಅಂಗಡಿಯಿಂದ ಕೊಂಡು ನುಂಗದಿರುವುದು ಇನ್ನೊಂದು. ಅನೇಕರ ವಿದ್ಯೆಯಿಂದ, ಅನೇಕರ ನಷ್ಟದಿಂದ ಅಗ್ಗವಾಗಿ ದೊರೆತ ಈ ವಸ್ತುಗಳನ್ನು ಪೋಲು ಮಾಡದೆ ಬಳಸುವುದೇ ಆ ಸಾಲಕ್ಕೆ ಸಲ್ಲಬೇಕಾದ ಬಡ್ಡಿ.